ಮೀಟರಿನ ಕೆಂಪು ದೀಪದಿಂದ ಫ್ರಿಜ್ಜಿನ ಲೆಕ್ಕ

ಯಾವುದೇ ಉಪಕರಣದ ವಿದ್ಯುತ್ ಬಳಕೆಯನ್ನು ಲೆಕ್ಕ ಹಾಕುವಾಗ ನಾನು ಮೊದಲು ನೋಡುವುದು ಅದರ ಹಿಂಬದಿಯಲ್ಲೋ ತಳದಲ್ಲೋ ಅಂಟಿಸಿರುವ ಪಟ್ಟಿಯನ್ನು. ಅಲ್ಲಿರುವ ವ್ಯಾಟ್ ಸಂಖ್ಯೆಯನ್ನು ಬಳಸಿದ ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಒಂದೇ ಸಮನೆ ಉರಿಯುವ ಬಲ್ಬಿಗೆ ಇಷ್ಟೇ ಸಾಕು. ಆದರೆ ಫ್ರಿಜ್, ಇಸ್ತ್ರಿಪೆಟ್ಟಿಗೆ, ಏರ್ ಕಂಡಿಷನರ್ ಮುಂತಾದವು ತಾವಾಗಿಯೇ ನಿಂತು ಮತ್ತೆ ಚಾಲೂ ಆಗುತ್ತಿರುವುದರಿಂದ, ಅವುಗಳಿಗೆ ಈ ಗುಣಾಕಾರ ಸಾಮಾನ್ಯವಾಗಿ ವಾಸ್ತವಕ್ಕಿಂತ ಹೆಚ್ಚಿನ ಉತ್ತರವನ್ನೇ ಕೊಡುತ್ತದೆ. ನಮ್ಮ ಫ್ರಿಜ್ಜಿನ ಪಟ್ಟಿಯಲ್ಲಿ 150 ವ್ಯಾಟ್ ಎಂದಿತ್ತು. ಆ ಪ್ರಕಾರ ದಿನಕ್ಕೆ 3.6 ಯೂನಿಟ್ ಆಗಬೇಕು. ಅದನ್ನು ಒಪ್ಪಿಕೊಳ್ಳುವ ಮೊದಲು ಅಳೆದೇ ನೋಡಿದೆ.

ಅಳೆಯಲು ಮನೆಯ ಮೀಟರೇ ಸಾಕು; ಅದರ ಸೀಲನ್ನಾಗಲಿ ವೈರನ್ನಾಗಲಿ ಮುಟ್ಟಬೇಕಿಲ್ಲ, ಮುಟ್ಟಲೂಬಾರದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವಿರುತ್ತದೆ, ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂಬುದು ಅಲ್ಲಿಯೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ ಅದು 3200. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಆದ್ದರಿಂದ ಪ್ರತಿ ಮಿನುಗಿಗೆ 1125 ಜೂಲ್ ಖರ್ಚಾಗುತ್ತದೆ. ಸೆಕೆಂಡಿಗೆ ಒಂದು ಜೂಲ್ ಖರ್ಚಾದರೆ ಅದೇ ಒಂದು ವ್ಯಾಟ್; ಹಾಗಾಗಿ ಈ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಹೊತ್ತಿನ ವ್ಯಾಟ್ ಸಿಗುತ್ತದೆ.

ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಚಾರ್ಜರುಗಳನ್ನು ಕಿತ್ತು, ಮಿನುಗು ನಿಂತಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಫ್ರಿಜ್ ಒಂದನ್ನೇ ಹಾಕಿದೆ. ಕಂಪ್ರೆಸರ್ ಚಾಲೂ ಆಗುವ ಗಳಿಗೆಯಲ್ಲಿ ಹೆಚ್ಚು ಕರೆಂಟ್ ಎಳೆಯುವುದರಿಂದ ಅದರ ಸದ್ದು ಒಂದು ಹದಕ್ಕೆ ಬರುವವರೆಗೆ ಕಾದು, ಬಳಿಕ ಒಂದು ಮಿನುಗಿಗೆ ಸರಿಯಾಗಿ ಸ್ಟಾಪ್‌ವಾಚ್ ಒತ್ತಿದೆ. ಆ ಮಿನುಗನ್ನು ಒಂದು ಎಂದಲ್ಲ, ಸೊನ್ನೆ ಎಂದು ಎಣಿಸಬೇಕು, ಏಕೆಂದರೆ ನಮಗೆ ಬೇಕಾಗಿರುವುದು ನಡುವಿನ ಅಂತರಗಳ ಎಣಿಕೆ. ಹತ್ತು ಅಂತರಗಳಿಗೆ 125 ಸೆಕೆಂಡು ಹಿಡಿಯಿತು. ಅಂದರೆ ಕಂಪ್ರೆಸರ್ ಓಡುವಾಗ ಬಳಸುತ್ತಿದ್ದುದು 90 ವ್ಯಾಟ್ ಮಾತ್ರ.

ಅದು ದಿನದಲ್ಲಿ ಎಷ್ಟು ಹೊತ್ತು ಓಡುತ್ತದೆಂಬುದು ಮಾತ್ರ ಈ ವಿಧಾನದಿಂದ ತಿಳಿಯುವುದಿಲ್ಲ. ಅದಕ್ಕಾಗಿ ಪ್ಲಗ್ಗಿನ ನಡುವೆ ಸಿಕ್ಕಿಸುವ ಸಣ್ಣ ಎನರ್ಜಿ ಮೀಟರನ್ನು ಪೂರ್ತಿ 24 ಗಂಟೆ ಬಿಟ್ಟೆ, ಬಾಗಿಲು ತೆರೆಯುವುದು, ಪಾತ್ರೆ ಇಡುವುದು ಎಲ್ಲವೂ ಎಂದಿನಂತೆಯೇ ನಡೆಯಿತು. ಬಂದದ್ದು 1.1 ಯೂನಿಟ್. ಸರಾಸರಿ ಸುಮಾರು 46 ವ್ಯಾಟ್ ಆಗುವುದರಿಂದ ಕಂಪ್ರೆಸರ್ ದಿನದ ಅರ್ಧದಷ್ಟು ಹೊತ್ತು ಓಡುತ್ತಿದೆ ಎಂದಾಯಿತು. ಎರಡು ಅಳತೆಗಳು ಹೀಗೆ ಒಂದಕ್ಕೊಂದು ಹೊಂದಿದಾಗಲೇ ನಾನು ಲೆಕ್ಕವನ್ನು ನಂಬುತ್ತೇನೆ.

ಗೀಸರಿಗೆ ಇಷ್ಟು ಶ್ರಮ ಬೇಡ, ನೀರೇ ಲೆಕ್ಕ ಹೇಳುತ್ತದೆ: 15 ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು, 2000 ವ್ಯಾಟಿನ ಗೀಸರಿಗೆ ಅದು ಸುಮಾರು 16 ನಿಮಿಷದ ಕೆಲಸ. 230 ವೋಲ್ಟಿಗೆ ತಯಾರಾದ ಅದೇ ಗೀಸರಿಗೆ 210 ವೋಲ್ಟ್ ಮಾತ್ರ ಬರುತ್ತಿದ್ದರೆ ಅದು ಸುಮಾರು 1670 ವ್ಯಾಟಿಗೆ ಇಳಿಯುತ್ತದೆ. ಕಾಯುವ ಸಮಯ ಹೆಚ್ಚುತ್ತದೆಯೇ ಹೊರತು ಯೂನಿಟ್ ಅಷ್ಟಾಗಿ ಬದಲಾಗುವುದಿಲ್ಲ.

ರಿಮೋಟಿನಿಂದ ಮಾತ್ರ ಆರಿಸಿಟ್ಟ ಟಿವಿಯನ್ನೂ ಇದೇ ದೀಪದಿಂದ ಅಳೆದೆ. ಎರಡು ಮಿನುಗುಗಳ ನಡುವೆ 225 ಸೆಕೆಂಡು, ಎಂದರೆ 5 ವ್ಯಾಟ್. ವರ್ಷವಿಡೀ ಹಾಗೆಯೇ ಬಿಟ್ಟರೆ ಸುಮಾರು 44 ಯೂನಿಟ್ ಆಗುತ್ತದೆ, ನಮ್ಮ ಫ್ರಿಜ್ಜಿನ ನಲವತ್ತು ದಿನಗಳ ಬಳಕೆಗೆ ಅದು ಸಮ. ಆ ಪ್ಲಗ್ಗಿನ ಸ್ವಿಚ್ಚನ್ನು ಈಗ ಗೋಡೆಯಲ್ಲಿಯೇ ಆರಿಸುತ್ತೇವೆ.