80 ಮೀಟರ್ ಬ್ಯಾಂಡಿನಲ್ಲಿ ಮೋರ್ಸ್ ಕೀಲಿಯೂ ಕಂಪ್ಯೂಟರೂ: ನನ್ನ ಅನುಭವ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಗೆಳೆಯರು ಸೇರಿದಲ್ಲೆಲ್ಲ ಈ ಜಗಳ ಇದ್ದದ್ದೇ. ಚುಕ್ಕೆ-ಗೆರೆಗಳ ಮೋರ್ಸ್ ಬಡಿಯಲು ಬಂದವನೇ ನಿಜವಾದ ಹ್ಯಾಮ್ ಎಂದು ಒಂದು ಪಕ್ಷ, ಕಂಪ್ಯೂಟರ್ ಹಿಡಿಯುವ ಸಂಕೇತದ ಅರ್ಧವೂ ನಿಮ್ಮ ಕಿವಿಗೆ ಬೀಳುವುದಿಲ್ಲ ಎಂದು ಇನ್ನೊಂದು ಪಕ್ಷ. 20 ಮೀಟರ್ ತರಂಗಾಂತರದ ಬ್ಯಾಂಡಿನಲ್ಲಿ ಈ ವಾದಕ್ಕೆ ಹುರುಳಿಲ್ಲ. ಬ್ಯಾಂಡ್ ತೆರೆದಿದ್ದರೆ, ಅಂದರೆ ಸಂಕೇತ ದೂರ ಹೋಗುವಂತಿದ್ದರೆ, ಅಲ್ಲಿ ಯಾವುದಾದರೂ ನಡೆಯುತ್ತದೆ. ಕೆಳಗಿನ ಆವರ್ತನಗಳಿಗೆ ಇಳಿದಾಗ ಮಾತ್ರ ಇದು ನಿಜವಾದ ಪ್ರಶ್ನೆಯಾಗುತ್ತದೆ. ನಾನು 80 ಮೀಟರ್‌ನಲ್ಲಿ, ಅಂದರೆ 3.5 ಮೆಗಾಹರ್ಟ್ಸ್‌ನಲ್ಲಿ, ಎರಡನ್ನೂ ನಡೆಸುತ್ತೇನೆ. ಅದಕ್ಕೂ ಕೆಳಗೆ, 472 ಮತ್ತು 136 ಕಿಲೋಹರ್ಟ್ಸ್‌ನಲ್ಲಿ, ಬರೀ ಕೇಳುಗ.

ಮೊದಲು ಆಂಟೆನಾದ ತಂತಿಯ ವಿಷಯ. 80 ಮೀಟರ್‌ನ ಅರ್ಧ ತರಂಗದ ಡೈಪೋಲ್‌ಗೆ ಸುಮಾರು 40 ಮೀಟರ್ ತಂತಿ ಬೇಕು. ಮೈಸೂರಿನ ನಮ್ಮ ಮನೆ 30-40ರ ಸೈಟಿನಲ್ಲಿದೆ. ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ, ಅಂದರೆ 15 ಮೀಟರ್. ತಂತಿಯನ್ನು ಮಡಚಿ, ತಾರಸಿಯ ಸುತ್ತ ತಿರುಗಿಸಿ ನೋಡಿದೆ. ಕೆಲಸವೇನೋ ಮಾಡಿತು, ಆದರೆ ಅಕ್ಕಪಕ್ಕದ ಮನೆಗಳ ಎಲ್‌ಇಡಿ ಬಲ್ಬು, ಯುಪಿಎಸ್, ಚಾರ್ಜರ್‌ಗಳ ಗದ್ದಲವನ್ನೆಲ್ಲ ನಿಷ್ಠೆಯಿಂದ ತಂದು ಕಿವಿಗೆ ಸುರಿಯಿತು. ಆದ್ದರಿಂದ ಕೆಳ ಬ್ಯಾಂಡಿನ ಕೆಲಸವನ್ನು ಮಂಡ್ಯದ ಕಡೆಯ ನಮ್ಮ ತೋಟಕ್ಕೆ ಸಾಗಿಸಿದೆ. ಕಾಯಿ ಕೀಳಲು ಬಂದವರೇ ಮರ ಹತ್ತಿ ರಾಟೆ ಕಟ್ಟಿಕೊಟ್ಟರು. ತೆಂಗಿನ ಮರ ಗಾಳಿಗೆ ತೂಗುತ್ತದೆ, ತಂತಿಯನ್ನು ಬಿಗಿದು ಕಟ್ಟಿದರೆ ತುಂಡಾಗುವುದು ಖಂಡಿತ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಇಟ್ಟಿಗೆ ತೂಗುಬಿಟ್ಟಿದ್ದೇನೆ. ಪಕ್ಕದ ಜಮೀನಿನ ಹಿರಿಯರು ತಲೆ ಎತ್ತಿ ನೋಡಿ, ‘ಅಲ್ಲ ಕಣಪ್ಪ, ಬಟ್ಟೆ ಒಣಗಿಸಲು ಇಷ್ಟು ಎತ್ತರದ ತಂತಿಯೇ?’ ಎಂದು ಕೇಳಿದರು.

ತೋಟದ ತಂತಿ ಇರುವುದು 15 ಮೀಟರ್ ಎತ್ತರದಲ್ಲಿ; ಅದು ಈ ಬ್ಯಾಂಡಿಗೆ ತರಂಗಾಂತರದ ಐದನೇ ಒಂದು ಭಾಗವೂ ಅಲ್ಲ. ಶಕ್ತಿಯ ಬಹುಪಾಲು ನೆತ್ತಿಯ ಮೇಲಕ್ಕೆ ಹೋಗುತ್ತದೆ. ಹತ್ತಿರದ ಊರುಗಳಿಗೆ ಅದು ಒಳ್ಳೆಯದೇ, ಯುರೋಪನ್ನು ಮುಟ್ಟುವವರಿಗೆ ಅಲ್ಲ. ದೂರಕ್ಕೆ ಉಳಿಯುವ ಅವಕಾಶವೆಂದರೆ ಸೂರ್ಯೋದಯಕ್ಕೆ ಮುಂಚಿನ ಹೊತ್ತು ಮತ್ತು ಮುಸ್ಸಂಜೆ. ಬೆಳಗಾದರೆ ಮೇಲಿನ ವಾತಾವರಣದಲ್ಲಿರುವ ಅಯಾನುಗೋಳದ ಡಿ ಪದರ ಎದ್ದು ಎಲ್ಲವನ್ನೂ ನುಂಗುತ್ತದೆ. ಮುಂಜಾನೆ ಪಶ್ಚಿಮದ ಯುರೋಪ್, ಸಂಜೆ ಪೂರ್ವದ ಜಪಾನ್. ಎರಡೂ ಕಡೆ ಆಗ ಕತ್ತಲೆ. ಹಳ್ಳಿಯಲ್ಲಿ ಇನ್ನೊಂದು ಅನುಕೂಲವಿದೆ. ಕರೆಂಟ್ ಹೋದಾಗ ಊರೆಲ್ಲ ಬೈಯುತ್ತದೆ; ನಾನು ಮಾತ್ರ 12 ವೋಲ್ಟ್ ಬ್ಯಾಟರಿಗೆ ರೇಡಿಯೊ ಜೋಡಿಸಿಕೊಂಡು, ಸಂಕೇತದ ಬಲ ತೋರುವ ಎಸ್-ಮೀಟರಿನ ಮುಳ್ಳು ಗದ್ದಲ ತಗ್ಗಿ ಇಳಿಯುವುದನ್ನು ಕಂಡು ಹಿಗ್ಗುತ್ತೇನೆ.

ಮೋರ್ಸನ್ನೂ ಎಫ್‌ಟಿ8 ಎಂಬ ಡಿಜಿಟಲ್ ವಿಧಾನವನ್ನೂ ಹೋಲಿಸಲು ಅದೇ ತಂತಿ, ಅದೇ ವಾಟ್, ಅದೇ ರಾತ್ರಿ ಎಂಬ ನಿಯಮ ಇಟ್ಟುಕೊಂಡೆ. ಸ್ವಲ್ಪ ಹೊತ್ತು ಬ್ಯಾಂಡಿನ ಕೆಳತುದಿಯಲ್ಲಿ ಕೀಲಿ, ಸ್ವಲ್ಪ ಹೊತ್ತು 3.573 ಮೆಗಾಹರ್ಟ್ಸ್‌ನಲ್ಲಿ ಎಫ್‌ಟಿ8. 2017ರಲ್ಲಿ ಬಂದ ಈ ವಿಧಾನದ ಹಿಂದಿರುವವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಟೇಲರ್ ಅವರು ಜೋಡಿ ಪಲ್ಸಾರ್ (ರೇಡಿಯೊ ಮಿಡಿತ ಸೂಸುವ ನಕ್ಷತ್ರ) ಪತ್ತೆಹಚ್ಚಿದ್ದಕ್ಕಾಗಿ 1993ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡವರು. ಆಕಾಶದ ಕ್ಷೀಣ ಸಂಕೇತ ಹೆಕ್ಕಿದ ಕೈ ಹ್ಯಾಮ್‌ಗಳಿಗೂ ಒದಗಿತು. 15 ಸೆಕೆಂಡಿನ ಸರದಿ, ಅದರಲ್ಲಿ 12.64 ಸೆಕೆಂಡು ಪ್ರಸಾರ, 50 ಹರ್ಟ್ಸ್ ಅಗಲ. 2500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿದರೆ ಸಂಕೇತ ಸುಮಾರು 21 ಡೆಸಿಬೆಲ್ ಕೆಳಗಿದ್ದರೂ ಕಂಪ್ಯೂಟರ್ ಓದುತ್ತದೆ. ಪಳಗಿದ ಕಿವಿಯ ಮಿತಿ ಸುಮಾರು 15 ಡೆಸಿಬೆಲ್ ಎನ್ನುವುದು ವಾಡಿಕೆ. ನನ್ನ ಕಿವಿ ಅಷ್ಟಕ್ಕೂ ಇಳಿಯುವುದಿಲ್ಲ.

ಆದರೆ ಈ ಡೆಸಿಬೆಲ್ ಲೆಕ್ಕವೆಲ್ಲ ಒಂದೇ ಸಮನೆ ಸುರಿಯುವ ಗದ್ದಲದ ಮೇಲೆ ಮಾಡಿದ್ದು. ನಮ್ಮ ಕಡೆಯ ಗದ್ದಲ ಹಾಗಿರುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ 80 ಮೀಟರ್ ಎಂದರೆ ಸಿಡಿಲಿನ ಚಟಪಟ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಮೋರ್ಸ್‌ನ ಒಂದು ಡಿಟ್, ಅಂದರೆ ಚುಕ್ಕೆ, 60 ಮಿಲಿಸೆಕೆಂಡ್. ಅರ್ಧ ಸೆಕೆಂಡಿನ ಸಿಡಿತ ಬಂದರೆ ಒಂದು ಅಕ್ಷರ ಪೂರ್ತಿ ಹೋಯಿತು. ಕೇಂದ್ರದ ಗುರುತಾದ ಕರೆಸಂಕೇತದ ಕೊನೆಯ ಅಕ್ಷರವನ್ನು ಮತ್ತೆ ಮತ್ತೆ ಕೇಳಿಸಿಕೊಂಡು ಎದುರಿನವನ ತಾಳ್ಮೆ ಮುಗಿಯುತ್ತದೆ. ಎಫ್‌ಟಿ8ರಲ್ಲಿ ಒಂದೊಂದು ಸ್ವರ 160 ಮಿಲಿಸೆಕೆಂಡ್, ಒಟ್ಟು 79 ಸ್ವರಗಳು. ಅದೇ ಸಿಡಿತ ಮೂರೋ ನಾಲ್ಕೋ ಸ್ವರಗಳನ್ನು ತಿಂದರೂ ದೋಷ ತಿದ್ದುವ ಸಂಕೇತಕ್ರಮ ಉಳಿದವುಗಳಿಂದ ಸಂದೇಶವನ್ನು ಕಟ್ಟಿಕೊಡುತ್ತದೆ. ಮೇ ತಿಂಗಳಲ್ಲಿ ನಾನು ಕೀಲಿಯನ್ನು ಡಬ್ಬಿಗೆ ಹಾಕಿಡುತ್ತೇನೆ.

ಡಿಸೆಂಬರ್-ಜನವರಿಯ ನಸುಕಿನಲ್ಲಿ ಲೆಕ್ಕ ತಿರುಗುತ್ತದೆ. ಆಗ ಬ್ಯಾಂಡ್ ಶಾಂತ, ತೊಂದರೆಯೆಂದರೆ ಏರಿಳಿತ. ದೂರದ ಕೇಂದ್ರವೊಂದು ನಾಲ್ಕು ಸೆಕೆಂಡು ಮೇಲೆದ್ದು ಮತ್ತೆ ಮುಳುಗುತ್ತದೆ. ಕಿವಿಗೆ ಅಷ್ಟು ಸಾಕು, ಕರೆಸಂಕೇತ ಸಿಕ್ಕಿಬಿಡುತ್ತದೆ. ಎಫ್‌ಟಿ8ಕ್ಕೆ ಸಾಲದು, ತುಣುಕು ಸಿಕ್ಕರೆ ಅದು ಏನನ್ನೂ ಹೇಳುವುದಿಲ್ಲ. ಸಂಕೇತ ದುರ್ಬಲವೋ, ಅಲೆದಾಡುತ್ತಿದೆಯೋ ಎಂಬುದನ್ನು ನೋಡಿಯೇ ವಿಧಾನ ಆರಿಸಬೇಕೆಂದು ನನಗೆ ಹೊಳೆದದ್ದು ಇಂಥ ನಸುಕುಗಳಲ್ಲಿ.

ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. ಎಫ್‌ಟಿ8ರಲ್ಲಿ 12.64 ಸೆಕೆಂಡು ಪೂರ್ತಿ ಶಕ್ತಿಯಲ್ಲಿ ಪ್ರಸಾರ ನಡೆಯುತ್ತದೆ, ಮೋರ್ಸ್‌ನಂತೆ ನಡುನಡುವೆ ಬಿಡುವಿಲ್ಲ. 100 ವಾಟ್‌ನ ಸೆಟ್ಟನ್ನು 30ರ ಆಸುಪಾಸಿಗೆ ಇಳಿಸಿ ಓಡಿಸಿ. ಎರಡನೆಯದು ಗಡಿಯಾರ: ಕಂಪ್ಯೂಟರಿನ ಸಮಯ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ತೋಟದಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲದಿದ್ದಾಗ ಯುಎಸ್‌ಬಿಗೆ ಚುಚ್ಚುವ ಜಿಪಿಎಸ್ ನನ್ನ ಆಧಾರ.

ಇನ್ನೂ ಕೆಳಗೆ ಇಳಿದರೆ ಜಗಳದ ಸ್ವರೂಪವೇ ಬೇರೆ. 136 ಕಿಲೋಹರ್ಟ್ಸ್‌ನ ತರಂಗಾಂತರ ಸುಮಾರು 2200 ಮೀಟರ್. 10 ಮೀಟರ್ ಎತ್ತರದ ಆಂಟೆನಾಕ್ಕೆ ತಲೆಯ ಮೇಲೆ ಎಷ್ಟೇ ತಂತಿ ಹರಡಿದರೂ ಅದರ ವಿಕಿರಣ ರೋಧ (ತರಂಗವಾಗಿ ಹೊರಡುವ ಪಾಲಿನ ಅಳತೆ) 0.03 ಓಮ್‌ನಷ್ಟು. ನೆಲದ ನಷ್ಟ 50 ಓಮ್ ಎಂದುಕೊಂಡರೆ, 100 ವಾಟ್ ಉಣಿಸಿದಾಗ ಹೊರಹೋಗುವುದು 0.1 ವಾಟ್‌ಗೂ ಕಡಿಮೆ. 2007ರ ವಿಶ್ವ ರೇಡಿಯೊ ಸಮ್ಮೇಳನ ಈ ಬ್ಯಾಂಡಿಗೆ ವಿಧಿಸಿದ ಮಿತಿ 1 ವಾಟ್. ಅದನ್ನು ಮುಟ್ಟುವುದೇ ಸಾಹಸ. ಮೈಸೂರಿನ ಗದ್ದಲದಲ್ಲಿ ಇಂಥದ್ದನ್ನು ಹಿಡಿಯಲಾಗದೆ, ಅಂತರ್ಜಾಲಕ್ಕೆ ಜೋಡಿಸಿದ ಹೊರದೇಶದ ರಿಸೀವರ್‌ಗಳ ಮೂಲಕ ಕೇಳುತ್ತೇನೆ.

ಅಲ್ಲಿ ಬಳಕೆಗೆ ಬಂದ ಮೋರ್ಸ್ ಅತಿ ನಿಧಾನದ್ದು, ಕ್ಯುಆರ್‌ಎಸ್‌ಎಸ್. ಒಂದು ಡಿಟ್ 3 ಸೆಕೆಂಡು. 60 ಮಿಲಿಸೆಕೆಂಡಿಗೆ ಹೋಲಿಸಿದರೆ 50 ಪಟ್ಟು, ಅಂದರೆ 17 ಡೆಸಿಬೆಲ್ ಲಾಭ. ಅದನ್ನು ಕಿವಿಯಿಂದ ಓದಲಾಗದು. ಪರದೆಯ ಮೇಲೆ ಗೆರೆ ಮೂಡುವುದನ್ನು ನೋಡಿ ಅಕ್ಷರ ಬರೆದುಕೊಳ್ಳಬೇಕು. ಡಿಟ್ಟನ್ನು 60 ಸೆಕೆಂಡಿಗೆ ಎಳೆದರೆ ಸಾಮಾನ್ಯ ಪದವೊಂದಕ್ಕೆ 50 ನಿಮಿಷ ಹಿಡಿಯುತ್ತದೆ. ಅದೇ ಟೇಲರ್ ಬಳಗ ಈ ಬ್ಯಾಂಡುಗಳಿಗೆಂದೇ ರೂಪಿಸಿದ ಎಫ್‌ಎಸ್‌ಟಿ4ಡಬ್ಲ್ಯು 30 ನಿಮಿಷದಲ್ಲಿ ಕರೆಸಂಕೇತ, ಸ್ಥಳ, ವಾಟ್ ಮೂರನ್ನೂ ತಲುಪಿಸುತ್ತದೆ, ಅದೂ ಗದ್ದಲಕ್ಕಿಂತ ಸುಮಾರು 45 ಡೆಸಿಬೆಲ್ ಕೆಳಗಿನಿಂದ. ಇಲ್ಲಿ ಮೋರ್ಸ್ ಪರ ವಾದಿಸಲು ನನಗೆ ಬಾಯಿಲ್ಲ. ಕಿವಿಯನ್ನು ಬಿಟ್ಟು ಪರದೆಗೆ ಬಂದ ಮೇಲೆ ಯಂತ್ರವೇ ಪೂರ್ತಿ ಓದಲಿ.

80 ಮೀಟರ್‌ನಲ್ಲಿ ಮಾತ್ರ ಕೀಲಿಯನ್ನು ಬಿಡಲು ನಾನು ತಯಾರಿಲ್ಲ. ಎಫ್‌ಟಿ8ರ ಒಂದು ಸಂದೇಶ 77 ಬಿಟ್. ಸ್ವಂತ ಮಾತು ಬರೆದರೆ 13 ಅಕ್ಷರಕ್ಕೆ ಮುಗಿಯಿತು. ಮೈಸೂರಿನ ಗೆಳೆಯರೊಬ್ಬರ ಜೊತೆ ಸಂಜೆ ಮಾತನಾಡುವುದುಂಟು. ಅವರದೂ ನನ್ನ ತೋಟದ್ದೂ ಹ್ಯಾಮ್‌ಗಳು ಸ್ಥಳ ಹೇಳಲು ಬಳಸುವ ನಕ್ಷೆಯಲ್ಲಿ ಒಂದೇ ಚೌಕ, ಎಂಕೆ82. ಎಫ್‌ಟಿ8ರಲ್ಲಿ ನಾವಿಬ್ಬರೂ ಎಂಕೆ82 ಎಂದು ಹೇಳಿಕೊಂಡು ಏನಾಗಬೇಕು? ಕೀಲಿಯಲ್ಲಾದರೆ ನಾಲೆಗೆ ನೀರು ಬಿಟ್ಟರೇ ಎಂದು ಕೇಳುತ್ತಾರೆ, ಇನ್ನೂ ಇಲ್ಲ ಎಂದು ನಾನು ಬಡಿಯುತ್ತೇನೆ, ಆಮೇಲೆ ಕಬ್ಬಿನ ರೇಟಿನ ವಿಷಯ ಬಂದರೆ ಒಂದು ಗಂಟೆ ಹೋಗುತ್ತದೆ.