ಮುಖಪುಟ ಹರಿಯಬೇಡಿ, ಪಿನ್ನು ಬಿಚ್ಚಿ

ಹಳೇ ವಾರಪತ್ರಿಕೆ, ಮಾಸಪತ್ರಿಕೆಗಳ ಮುಖಪುಟ ಚಿತ್ರ ಕೂಡಿಡುವವರಿಗೆ ಈ ಮಾತು. ದಾವಣಗೆರೆಯ ಗುಜರಿ ಅಂಗಡಿಗಳಿಗೆ ಅವುಗಳ ಒಳ್ಳೇ ಕಟ್ಟು ಬೀಳುವುದು ಯುಗಾದಿಗೆ ಮುಂಚೆ, ಆಮೇಲೆ ದಸರಾ-ದೀಪಾವಳಿಗೆ ಮುಂಚೆ. ಸುಣ್ಣ-ಬಣ್ಣದ ನೆಪದಲ್ಲಿ ಅಟ್ಟ ಖಾಲಿಯಾಗುವ ಕಾಲ ಅದು. ಅಲ್ಲಿ ಕೂತು ಬಿಡಿ ಸಂಚಿಕೆ ಆರಿಸಿದರೆ ಕೆಜಿ ಲೆಕ್ಕ ಹೋಗಿ ಬಿಡಿ ಲೆಕ್ಕ ಶುರುವಾಗುತ್ತದೆ. ಇಡೀ ಕಟ್ಟು ತೂಗಿಸಿ ತಂದು, ಬೇಡದ್ದನ್ನು ವಾಪಸ್ ಅದೇ ಅಂಗಡಿಗೆ ಹಾಕುವುದೇ ಅಗ್ಗ. ಹುರಿಯ ಬಿಗಿತಕ್ಕೆ ಮೇಲಿನ, ಕೆಳಗಿನ ಎರಡು ಮೂರು ಸಂಚಿಕೆಗಳ ಅಂಚು ಸೀಳಿರುತ್ತದೆ; ಒಳ್ಳೇ ಪ್ರತಿ ಇದ್ದರೆ ನಡುವೆ.

ಮುಖಪುಟವಿಲ್ಲದ ಸಂಚಿಕೆಗಳೇ ಹೆಚ್ಚು ಸಿಗುತ್ತವೆ. ಧಾರಾವಾಹಿ ಪುಟಗಳನ್ನಷ್ಟೇ ಕಿತ್ತು ಬೈಂಡ್ ಮಾಡಿಸಿ ಉಳಿದದ್ದನ್ನು ಎಸೆಯುವುದು ನಮ್ಮ ಮನೆಗಳ ರೂಢಿಯಾಗಿತ್ತು. ಜೂನ್‌ನಲ್ಲಿ ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಲು ಬಣ್ಣದ ಮುಖಪುಟವೇ ಮೊದಲು ಹೋಗುತ್ತಿತ್ತು. ಹಾಗಾಗಿ ಹಳೇ ಪಠ್ಯಪುಸ್ತಕದ ಕಟ್ಟನ್ನೂ ಬಿಡಬೇಡಿ, ಹೊದಿಕೆ ಬಿಚ್ಚಿ ಒಳಮಗ್ಗುಲು ನೋಡಿ. ಬೈಂಡ್ ಆದ ಸಂಪುಟ ಕೊಳ್ಳುವಾಗ ಮಾತ್ರ ಎಚ್ಚರ. ಬೈಂಡರ್ ಮೂರು ಅಂಚನ್ನೂ ಕತ್ತರಿಸಿರುತ್ತಾನೆ, ಮೂಲೆಯಲ್ಲಿದ್ದ ಕಲಾವಿದರ ಸಹಿ ಆ ಚೂರಿನ ಜೊತೆ ಹೋಗಿರುತ್ತದೆ.

ಮುಖಪುಟ ಮಾತ್ರ ಹರಿದು ಇಟ್ಟುಕೊಳ್ಳುವವರು ಬಹಳ. ನನ್ನ ಮಟ್ಟಿಗೆ ಅದು ಅರ್ಧ ಸಂಗ್ರಹ. ಸಂಪುಟ, ಸಂಚಿಕೆ, ‘ಮುಖಪುಟ ಚಿತ್ರ’ದ ಹೆಸರು ಒಳಪುಟದಲ್ಲೇ ಇರುವುದು, ಸಹಿ ಇಲ್ಲದ ಚಿತ್ರಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಆದರೆ ಹಾಗೇ ಇಟ್ಟರೂ ಕಷ್ಟವೇ. ಒಳಗಿನದು ನ್ಯೂಸ್‌ಪ್ರಿಂಟ್, ಅಂದರೆ ದಿನಪತ್ರಿಕೆಯ ಅಗ್ಗದ ಕಾಗದ; ಅದರಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಹಾಗೇ ಉಳಿದಿರುತ್ತದೆ. ವಯಸ್ಸಾದಂತೆ ಹುಳಿ ಬಿಟ್ಟು ಮುಖಪುಟದ ಒಳಮೈಯನ್ನು ಕಂದಾಗಿಸುತ್ತದೆ. ಅದಕ್ಕೇ ಪಿನ್ನು ಬಿಚ್ಚಿ, ನಡುವೆ ಆಮ್ಲರಹಿತ ಹಾಳೆ ಕೊಟ್ಟು, ಎರಡನ್ನೂ ಒಂದೇ ಕವರಿನಲ್ಲಿ ಇಡುವುದು.

ಬಿಚ್ಚುವ ಕೆಲಸ ಏಪ್ರಿಲ್‌ನಲ್ಲಿ ಬೇಡ. ನಮ್ಮ ಕಡೆಯ ಒಣಬಿಸಿಲಿಗೆ ಹಳೇ ಕಾಗದ ಹಪ್ಪಳದಂತಾಗಿ ಮಡಿಕೆಯಲ್ಲೇ ಮುರಿಯುತ್ತದೆ. ಜುಲೈ-ಆಗಸ್ಟ್‌ನಲ್ಲಿ, ಮಳೆ ಬಿಟ್ಟ ದಿನ ಮಾಡಿದರೆ ಕಾಗದ ಬಾಗುತ್ತದೆ. ನಡುಪುಟ ತೆರೆದು, ಪಿನ್ನಿನ ಕಾಲಿನ ಕೆಳಗೆ ಹಳೇ ಎಕ್ಸ್‌ರೇ ಫಿಲ್ಮಿನ ಒಂದು ಸಣ್ಣ ಪಟ್ಟಿ ತೂರಿಸಿ. ಅದರ ಮೇಲೆ ಮೊಂಡು ಚಾಕುವಿನಿಂದ ಕಾಲನ್ನು ನೆಟ್ಟಗೆ ಎತ್ತಿ, ಹೊರಗಡೆಯಿಂದ ಎಳೆಯಿರಿ. ತುಕ್ಕು ಕಾಗದಕ್ಕೆ ಕಚ್ಚಿದ್ದರೆ ಎಳೆಯಲೇಬೇಡಿ, ಸಣ್ಣ ಕಟರ್‌ನಿಂದ ಕಾಲು ಕತ್ತರಿಸಿ. ಅಂಗಡಿಯಲ್ಲಿ ಸಿಗುವ ಹಲ್ಲಿನ ಪಿನ್ ರಿಮೂವರ್ ತೂತನ್ನು ಕಿತ್ತು ಹಾಕುತ್ತದೆ. ತುಕ್ಕಿನ ಪುಡಿಯನ್ನು ಒಣ ಬ್ರಷ್‌ನಿಂದ ಉದುರಿಸಿ. ನೀರು ತಾಗಿದರೆ ಕಲೆ ಹರಡುತ್ತದೆ. ಒಳಪುಟಗಳನ್ನು ಅದೇ ತೂತುಗಳಲ್ಲಿ ಹತ್ತಿ ದಾರ ಹಾಕಿ, ಗಂಟು ಒಳಗೆ ಬರುವಂತೆ ಹೊಲಿದರೆ ಆಯಿತು.

ಮುಖಪುಟದ ನುಣುಪು ಆರ್ಟ್ ಪೇಪರ್ ಒದ್ದೆಯಾಗಿ ಒಣಗಿದರೆ ಲೇಪ ಅಂಟಾಗಿ ಪಕ್ಕದ ಹಾಳೆಗೆ ಹಿಡಿಯುತ್ತದೆ, ಬಿಡಿಸಿದರೆ ಚಿತ್ರವೇ ಎದ್ದು ಬರುತ್ತದೆ. ಅಂಥದ್ದನ್ನು ಕೊಳ್ಳದಿರುವುದೇ ಲೇಸು. ಸುಕ್ಕಿಗೆ ಇಸ್ತ್ರಿ ಹಾಕಬಾರದು, ಹೊಳಪು ಸಾಯುತ್ತದೆ. ಎರಡು ಬಿಳಿ ಹಾಳೆಯ ನಡುವೆ ಇಟ್ಟು, ಮೇಲೊಂದು ಪ್ಲೈವುಡ್, ಅದರ ಮೇಲೆ 10 ಕೆಜಿ ಭಾರ, ಹತ್ತು ದಿನ. ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಹಳದಿ ಕಲೆಯಾಗುತ್ತದೆ. ಮೈದಾ ಅಂಟಿಗೆ ಹುಳ ಬರುತ್ತದೆ. ಹರಿದಲ್ಲಿಗೆ ತೆಳು ಜಪಾನೀ ಟಿಶ್ಯೂ, ಅಂದರೆ ಉದ್ದ ನಾರಿನ ಗಟ್ಟಿ ತೆಳುಗಾಗದ, ಗೋಧಿ ಪಿಷ್ಟದ ಗಟ್ಟಿ ಅಂಟಿನಲ್ಲಿ, ಹಿಂಬದಿಯಲ್ಲಿ ಮಾತ್ರ.

ಕವರು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಪಿವಿಸಿ ಕವರು ಕಾಲಕ್ರಮೇಣ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಅನುಮಾನವಿದ್ದರೆ ಬಯಲಲ್ಲಿ ನಿಂತು, ಕಾಯಿಸಿದ ತಾಮ್ರದ ತಂತಿಯನ್ನು ಕವರಿನ ಚೂರಿಗೆ ಮುಟ್ಟಿಸಿ ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ. ಹಿಂದೆ ಆಮ್ಲರಹಿತ ರಟ್ಟು ಕೊಟ್ಟು ಮಲಗಿಸಿ ಇಡಿ. ನುಸಿಗುಳಿಗೆ ಕಾಗದಕ್ಕೂ ಪ್ಲಾಸ್ಟಿಕ್ಕಿಗೂ ತಾಗಬಾರದು. ಗೋಡೆಗೆ ಒತ್ತಿದ ಪೆಟ್ಟಿಗೆಗೆ ಗೆದ್ದಲು ತಪ್ಪಿದ್ದಲ್ಲ, ನಾಲ್ಕು ಬೆರಳು ಬಿಡಿ.

10 ಪಟ್ಟು ಭೂತಗನ್ನಡಿ ಇಲ್ಲದೆ ಕೊಳ್ಳಲು ಹೋಗಬೇಡಿ. ಅಚ್ಚಿನ ಚಿತ್ರ ಸಣ್ಣ ಚುಕ್ಕೆಗಳಿಂದ ಆದದ್ದು. ಬ್ಲಾಕಿನಲ್ಲಿ, ಅಂದರೆ ಉಬ್ಬಿದ ಲೋಹದ ಅಚ್ಚಿನಲ್ಲಿ, ಒತ್ತಿದ ಚಿತ್ರದಲ್ಲಿ ಪ್ರತಿ ಚುಕ್ಕೆಯ ಅಂಚಿಗೂ ಶಾಯಿಯ ದಟ್ಟ ಬಳೆ ಇರುತ್ತದೆ, ಕೆಲವೊಮ್ಮೆ ಹಿಂಬದಿಗೆ ಒತ್ತು ಸಹ ಮೂಡಿರುತ್ತದೆ. ಚಪ್ಪಟೆ ತಟ್ಟೆಯಿಂದ ರಬ್ಬರ್ ಹಾಳೆಯ ಮೂಲಕ ಒತ್ತುವ ಆಫ್‌ಸೆಟ್‌ನಲ್ಲಿ ಚುಕ್ಕೆ ಸಮತಟ್ಟು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ತುಟಿಯ ಕೆಂಪು ಕೆನ್ನೆಗೆ ಜಾರಿದ ಪ್ರತಿಗಳೂ ಉಂಟು. ಕೆಲವರು ಅವನ್ನು ತಿರಸ್ಕರಿಸುತ್ತಾರೆ, ನಾನು ಒಂದೆರಡು ಇಟ್ಟುಕೊಳ್ಳುತ್ತೇನೆ. ನಾಲ್ಕು ಬಣ್ಣ ಹೇಗೆ ಸೇರಿ ಚಿತ್ರವಾಯಿತು ಎಂಬುದು ಅಲ್ಲೇ ಚೆನ್ನಾಗಿ ಕಾಣುವುದು.

ಚಂದಮಾಮದ ವಿಷಯದಲ್ಲಿ ಒಂದು ಅನುಕೂಲವಿದೆ. ಎಂ.ಟಿ.ವಿ. ಆಚಾರ್ಯ, ವಡ್ಡಾದಿ ಪಾಪಯ್ಯ ಅವರಂಥವರ ಚಿತ್ರಗಳು ಬೇರೆ ಬೇರೆ ಭಾಷೆಯ ಆವೃತ್ತಿಗಳಿಗೂ ಹೋಗುತ್ತಿದ್ದವು, ಬದಲಾಗುತ್ತಿದ್ದದ್ದು ಅಕ್ಷರ. ಚಳ್ಳಕೆರೆ, ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕುಗಳು. ಅಲ್ಲಿನ ರದ್ದಿಯಲ್ಲಿ ತೆಲುಗು ಪ್ರತಿ ಸಿಕ್ಕರೆ ಬಿಡಬೇಡಿ. ಕನ್ನಡದ ಪ್ರತಿಯಲ್ಲಿ ಮಸುಕಾದ ಬಣ್ಣ ಮೂಲದಲ್ಲಿ ಹೇಗಿತ್ತು ಎಂದು ಹೋಲಿಸಲು ಬರುತ್ತದೆ.

ಸ್ಕ್ಯಾನ್ 600 ಡಿಪಿಐ, ಟಿಫ್ ಫೈಲು. ಹಿಂದೆ ಕಪ್ಪು ಹಾಳೆ ಇಡದಿದ್ದರೆ ಹಿಂಬದಿಯ ಜಾಹೀರಾತು ತೂರಿ ಕಾಣುತ್ತದೆ. 300ಕ್ಕೆ ಇಳಿಸಿ ಸ್ಕ್ಯಾನ್ ಮಾಡಿದರೆ ಅಚ್ಚಿನ ಚುಕ್ಕೆಗೂ ಸ್ಕ್ಯಾನರಿಗೂ ತಾಳ ತಪ್ಪಿ, ಆಕಾಶದಂಥ ಸಾದಾ ಜಾಗದಲ್ಲಿ ಅಲೆಅಲೆ ಗೆರೆ ಏಳುತ್ತದೆ.