ಚುರುಕು ಮಗುವಿಗೆ ಒದ್ದಾಡುವುದನ್ನು ಕಲಿಸುವುದು ಹೇಗೆ?

ನಾನು ಹಾಸನದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನೆಂಟರು ಬಂದ ಕೂಡಲೇ "ಬಾ ಪುಟ್ಟಾ, ಮಾಮಂಗೆ ಹತ್ತೊಂಬತ್ತರ ಮಗ್ಗಿ ಹೇಳು" ಎನ್ನುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಗು ಪಟಪಟ ಹೇಳುತ್ತದೆ, ಎಲ್ಲರೂ ಹೊಗಳುತ್ತಾರೆ. ಆರೋ ಏಳೋ ಕ್ಲಾಸಿನಲ್ಲಿ ಬರದ ಲೆಕ್ಕವೊಂದು ಎದುರಾದಾಗ ಅದೇ ಮಗು ಪುಸ್ತಕ ಎಸೆದು ಅಳುತ್ತದೆ. ಬುದ್ಧಿ ಕಡಿಮೆಯಾಗಿರುವುದಿಲ್ಲ. ಒದ್ದಾಡಿ ಅಭ್ಯಾಸ ಇರುವುದಿಲ್ಲ, ಅಷ್ಟೇ.

1. ಮಗು ಏನು ಕೇಳುತ್ತದೆ ಎಂದು ಗಮನಿಸಿ. ಒಂದೇ ವಿಷಯದ ಬಗ್ಗೆ ಬಿಡದೆ ಪ್ರಶ್ನೆ ಬರುತ್ತಿದ್ದರೆ, ಮಗು ಚುರುಕು ಎಂದು ತಿಳಿಯಲು ಅಷ್ಟು ಸಾಕು. ಬೆರಳಚ್ಚು ನೋಡಿ ಬುದ್ಧಿ ಅಳೆಯುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ, ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೈನ್' ತರಗತಿಗಳಂತೂ ಶುದ್ಧ ಮೋಸ. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಾರೆ. ಸುಳ್ಳು ಹೇಳುವುದನ್ನು ನಾವೇ ಕಲಿಸಿದಂತಾಗುತ್ತದೆ.

2. "ನೀನು ಜಾಣ" ಎನ್ನುವುದನ್ನು ಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್, ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣತನಕ್ಕೆ ಹೊಗಳಿಸಿಕೊಂಡ ಐದನೇ ಕ್ಲಾಸಿನ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಮುಂದುವರಿದರು.

3. ಬೇಗ ಬಗೆಹರಿಯದ ಕೆಲಸ ಕೊಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಕಷ್ಟದ ಕೆಲಸ ಎಂದರೆ ಮುಂದಿನ ಕ್ಲಾಸಿನ ಪುಸ್ತಕ ಎಂದುಕೊಳ್ಳುತ್ತಾರೆ. ಅದು ಅಲ್ಲ.

ಒಂದು ಭಾನುವಾರ ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳೇಶ್ವರ ಗುಡಿಯ ಜಗಲಿಯ ಮೇಲೆ ಗೋಡೆ ಪಕ್ಕದಲ್ಲೇ ನಡೆಸಿ. ಗೋಡೆ ಹೇಗೆ ಮೂಲೆಮೂಲೆಯಾಗಿ ಒಳಗೆ ಹೊರಗೆ ತಿರುಗುತ್ತದೆ ಎಂದು ಮಗುವೇ ನೋಡಲಿ. ಮನೆಗೆ ಬಂದ ಮೇಲೆ ಒಂದು ಚೌಕದ ರಟ್ಟು, ಗುಂಡುಸೂಜಿ, ಪೆನ್ಸಿಲ್, ಹಾಳೆ ಕೊಟ್ಟು, "ಇಷ್ಟರಲ್ಲೇ ಹದಿನಾರು ಮೂಲೆಯ ನಕ್ಷತ್ರ ಬರಿ" ಎನ್ನಿ.

ರಟ್ಟಿನ ನಡುವೆ ಸೂಜಿ ಚುಚ್ಚಿ ತಿರುಗಿಸಬಹುದು ಎಂದು ಹೊಳೆಯಲು ಸಮಯ ಬೇಕು. ಮೊದಲು ಮಗು ಲಂಬಕೋನದ ಅರ್ಧ, ಅಂದರೆ 45 ಡಿಗ್ರಿ ತಿರುಗಿಸಿ ಎಂಟು ಮೂಲೆ ತರುತ್ತದೆ. ಆಗ ನಿಮ್ಮ ಬಾಯಿಗೆ ಉತ್ತರ ಬರುತ್ತದೆ. ಹೇಳಬೇಡಿ. ಪೆನ್ಸಿಲ್ ಕಿತ್ತುಕೊಳ್ಳಬೇಡಿ. ಮೊಬೈಲ್ ಇನ್ನೊಂದು ರೂಮಿನಲ್ಲಿರಲಿ. ತೀರಾ ಸಿಕ್ಕಿಹಾಕಿಕೊಂಡರೆ "ಇನ್ನೂ ಎಂಟು ಮೂಲೆ ಎಲ್ಲಿ ಕೂರಬೇಕು?" ಎಂದಷ್ಟೇ ಕೇಳಿ. ಅತ್ತರೆ "ಇಷ್ಟೂ ಬರಲ್ವಾ?" ಎನ್ನದೆ, ರಟ್ಟನ್ನು ಹಾಗೇ ಇಟ್ಟು ಊಟಕ್ಕೆ ಎಬ್ಬಿಸಿ. ನಾಳೆ ಮುಂದುವರಿಸಲಿ. ಪ್ರತಿ ಸಲ 22.5 ಡಿಗ್ರಿ ತಿರುಗಿಸಿ ನಾಲ್ಕು ಚೌಕ ಬರೆದರೆ ಹದಿನಾರು ಬರುತ್ತದೆ. ಕೋನಮಾಪಕವೇ ಬೇಕಿಲ್ಲ, ಹಾಳೆ ಮಡಚಿದರೂ ಸಾಕು ಎಂದು ಮಗುವಿಗೆ ಹೊಳೆಯಿತೋ, ಆ ಖುಷಿಯೇ ಬೇರೆ. ಆಮೇಲೆ ಮೂವತ್ತೆರಡು ಮೂಲೆ ಕೇಳಿ.

ವಾರಕ್ಕೆ ಇಂಥದ್ದು ಒಂದೇ ಇರಲಿ. ಸೋತರೂ ಪರವಾಗಿಲ್ಲ, ಆದರೆ ಬಿಟ್ಟ ಕಡೆಯಿಂದಲೇ ಮತ್ತೆ ಶುರು ಮಾಡಬೇಕು.

4. ಆಟ, ನಿದ್ದೆ ಕಡಿಮೆ ಮಾಡಬೇಡಿ. ಹನ್ನೆರಡರ ಹುಡುಗಿಯಂತೆ ಮಾತಾಡಿದರೂ ಎಂಟು ವರ್ಷದವಳು ಎಂಟು ವರ್ಷದವಳೇ, ಅಲ್ವಾ?

5. ಪರೀಕ್ಷೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ಐದನೇ ಕ್ಲಾಸಿನಲ್ಲಿ ನವೋದಯ ಪ್ರವೇಶ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಅದರ ಅರ್ಧ ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದ್ದು. ವರ್ಷವಿಡೀ ಕೋಚಿಂಗ್‌ಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಕೊನೆಯ ಎರಡು ತಿಂಗಳು ಹಳೇ ಪ್ರಶ್ನೆಪತ್ರಿಕೆ ಬಿಡಿಸಿದರೆ ಸಾಕು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯಕ್ಕೆ ಮಿತಿ ಇರುವುದರಿಂದ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಶಾಲೆ ಶುರುವಾದ ಕೂಡಲೇ ಹೆಡ್‌ಮಾಸ್ಟರ್ ಹತ್ತಿರ ಅರ್ಜಿ ಯಾವಾಗ ಎಂದು ಕೇಳಿ.